ಭಾವನಿಗೆ ‘ಇಲ್ಲ’ ಎನ್ನಲು ಕಲಿತ ಲೆಕ್ಕ

ಜನ ಹಣದ ಲೆಕ್ಕಾಚಾರ ಕಲಿಯುವುದು ಮನೆ ಕಟ್ಟಲಿಕ್ಕೆ, ಮಕ್ಕಳನ್ನು ಓದಿಸಲಿಕ್ಕೆ, ಮುಪ್ಪಿನಲ್ಲಿ ಯಾರ ಮುಂದೆಯೂ ಕೈಚಾಚದೆ ಇರಲಿಕ್ಕೆ. ನಾನು ಕಲಿತದ್ದು ಒಬ್ಬನೇ ಒಬ್ಬ ಮನುಷ್ಯ ಒಂದು ದಿನ ನನ್ನ ಮುಂದೆ ಬಂದು ನಿಂತಾಗ ಅವನಿಗೆ ‘ಇಲ್ಲ’ ಎನ್ನಲಿಕ್ಕೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಕೆಲವರಿಗೆ ದೇವರ ಭಯದಿಂದ ಬುದ್ಧಿ ಬರುತ್ತದೆ, ನನಗೆ ಹೊಟ್ಟೆಯ ಉರಿಯಿಂದ ಬಂತು.

ಆ ಮನುಷ್ಯ ನನ್ನ ಹೆಂಡತಿಯ ಅಣ್ಣ. ನಾನು ಅವನನ್ನು ಭಾವ ಎನ್ನುತ್ತೇನೆ, ಅವನೂ ನನ್ನನ್ನು ಭಾವ ಎನ್ನುತ್ತಾನೆ. ನರಸಿಂಹರಾಜಪುರದ ಪೇಟೆಯಲ್ಲಿ ಅವನದು ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ತಂತಿ, ಕತ್ತಿ, ಗುದ್ದಲಿ, ಬಾಗಿಲ ಚಿಲಕ. ಕಟ್ಟಡ ಬಾಡಿಗೆಯದು, ಅಂಗಡಿ ಅವನ ತಂದೆಯ ಕಾಲದ್ದು. ಬೆಳಿಗ್ಗೆ ಹಣೆಯ ತುಂಬ ವಿಭೂತಿ ಹಚ್ಚಿ ಗಲ್ಲಾ ಮುಂದೆ ಕುಳಿತನೆಂದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಒಂದು ರೂಪಾಯಿ ಕೊಡುವಾಗಲೂ ನೋಟನ್ನು ಎರಡು ಸಲ ತಿಕ್ಕಿ ನೋಡುವ ಜಾತಿಯ ಮನುಷ್ಯ.

ನಾನು ಖಾಸಗಿ ಬಸ್ಸಿನ ಕಂಡಕ್ಟರ್. ನರಸಿಂಹರಾಜಪುರದಿಂದ ಕೊಪ್ಪ, ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. ದಿನಕ್ಕೆ ಎರಡು ಸುತ್ತು. ನಮ್ಮ ಮನೆ ಕೊಪ್ಪದಲ್ಲಿ. ನಮಗೆ ತಿಂಗಳ ಸಂಬಳವಿಲ್ಲ. ಸಂಜೆ ಬಸ್ಸು ನಿಲ್ಲಿಸಿ ಕಲೆಕ್ಷನ್ ಒಪ್ಪಿಸಿದ ಮೇಲೆ ಆ ದಿನದ ದುಡಿಮೆ ಆ ದಿನವೇ ಕೈಗೆ ಬರುತ್ತದೆ. ದಿನವಿಡೀ ಚರ್ಮದ ಚೀಲದಲ್ಲಿ ಸಾವಿರಾರು ರೂಪಾಯಿ ಕುಲುಕಾಡುತ್ತಿರುವುದರಿಂದ ಕಂಡಕ್ಟರನಿಗೆ ತಾನು ಬಡವ ಎನ್ನುವುದು ಮರೆತೇ ಹೋಗಿರುತ್ತದೆ. ಅದು ನಮ್ಮ ಕೆಲಸದ ದೊಡ್ಡ ರೋಗ.

ಇನ್ನೊಂದು ರೋಗವಿದೆ, ಅದು ದಾರಿಯ ಬಸ್ಸಿನವರಿಗೆ ಮಾತ್ರ ಬರುವಂಥದ್ದು. ದಿನಾ ನಾಲ್ಕು ಸಲ ಅದೇ ಅಂಗಡಿಗಳ ಮುಂದೆ ಹಾದುಹೋಗುವವನಿಗೆ ಯಾರೂ ಕಡ ಕೊಡುವುದಿಲ್ಲ ಎನ್ನುವುದಿಲ್ಲ. ಎಲ್ಲಿಗೆ ಓಡಿಹೋಗುತ್ತಾನೆ, ಹನ್ನೊಂದೂವರೆಗೆ ಮತ್ತೆ ಬರಲೇಬೇಕಲ್ಲ. ಹರಿಹರಪುರದಲ್ಲಿ ತರಕಾರಿ, ಶೃಂಗೇರಿ ಸ್ಟ್ಯಾಂಡಿನ ಪಕ್ಕ ಮಗಳ ನೋಟುಪುಸ್ತಕ, ಕೊಪ್ಪದಲ್ಲಿ ದಿನಸಿ, ನರಸಿಂಹರಾಜಪುರದಲ್ಲಿ ಔಷಧಿ, ನಡುವೆ ಎಲ್ಲೆಲ್ಲೋ ಕಾಫಿ, ಬನ್ನು, ಬೀಡಿ. ‘ನಾಳೆ ಟ್ರಿಪ್ಪಿಗೆ ಕೊಡ್ತೇನೆ’ ಎಂದರೆ ಆಯಿತು. ಎಲ್ಲ ಕಡೆಯೂ ಸ್ವಲ್ಪ ಕೊಡುತ್ತಿದ್ದೆ, ಎಲ್ಲ ಕಡೆಯೂ ಸ್ವಲ್ಪ ಉಳಿಸುತ್ತಿದ್ದೆ. ಯಾರೂ ಜಗಳಕ್ಕೆ ಬರುವಷ್ಟಿಲ್ಲ, ಯಾರ ಪುಸ್ತಕದಲ್ಲೂ ನನ್ನ ಪುಟ ಖಾಲಿಯೂ ಇಲ್ಲ. ನಾನು ಸಾಲಗಾರನೆಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಸಾಲ ಎಂದರೆ ಬ್ಯಾಂಕಿನದು, ದೊಡ್ಡದು, ಸಹಿ ಹಾಕಿ ತೆಗೆದುಕೊಂಡದ್ದು ಎಂದುಕೊಂಡಿದ್ದೆ.

ಇದರ ಮೇಲೆ ದೊಡ್ಡಸ್ತಿಕೆ ಬೇರೆ. ಎಸ್ಟೇಟಿನ ಕಡೆಯ ಯಾರಿಗೋ ಕೊಪ್ಪದಿಂದ ಮಾತ್ರೆ, ಇನ್ಯಾರಿಗೋ ಪಂಪಿನ ವಾಷರ್, ಮತ್ತೊಬ್ಬರಿಗೆ ಹೊಲಿಗೆಗೆ ಕೊಟ್ಟ ರವಿಕೆ. ನನ್ನ ಕೈಯಿಂದ ಕೊಟ್ಟು ತರುತ್ತಿದ್ದೆ, ಅವರು ‘ಇನ್ನೊಂದಿನ ಕೊಡ್ತೇನೆ ಮಾರಾಯ್ರೆ’ ಎಂದು ಇಳಿಯುತ್ತಿದ್ದರು. ಕೇಳಲು ಸಂಕೋಚ. ಹೀಗೆ ಮೂವತ್ತು ಜನ ನನಗೆ ಕೊಡಬೇಕಿತ್ತು, ಮೂವತ್ತು ಅಂಗಡಿಗೆ ನಾನು ಕೊಡಬೇಕಿತ್ತು, ಎರಡೂ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಮನೆಯಲ್ಲಿ ರವಿಕೆ ಹೊಲಿದು ಅದರ ದುಡ್ಡಿನಲ್ಲಿ ಏನೋ ಸರಿದೂಗಿಸುತ್ತಿದ್ದಳು. ಏನನ್ನು ಸರಿದೂಗಿಸುತ್ತಾಳೆ ಎಂದು ನಾನು ಕೇಳಿದವನಲ್ಲ. ಭಾವನ ಹತ್ತಿರವೂ ಎರಡು ಸಲ ಕೈಸಾಲ ತೆಗೆದುಕೊಂಡಿದ್ದೆ. ಅದೂ ಯಾವಾಗಲೋ ತೀರಿತೆಂಬ ನೆಮ್ಮದಿಯಲ್ಲಿದ್ದೆ.

ಏಳು ವರ್ಷದ ಹಿಂದೆ ಭಾವ ಕಡಹಿನಬೈಲಿನ ಕಡೆ ಜಾಗ ತೆಗೆದುಕೊಂಡು ಹೊಸ ಮನೆ ಕಟ್ಟಿದ. ಬೇಸಿಗೆಯಲ್ಲಿ ಅದರ ಗೃಹಪ್ರವೇಶಕ್ಕೆ ನಾವು ಮೂವರೂ ಹೋಗಿದ್ದೆವು. ಅದೇ ವಾರ ಮಗಳಿಗೆ ಶಿವಮೊಗ್ಗದಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಮೊದಲ ಕಂತು ನಲವತ್ತೈದು ಸಾವಿರ, ಹತ್ತು ದಿನದೊಳಗೆ ಕಟ್ಟಬೇಕು. ನನ್ನ ಹತ್ತಿರ ಚೀಲದ ಹಣ ಬಿಟ್ಟರೆ ಬೇರೆ ಹಣ ಇರಲಿಲ್ಲ, ಚೀಲದ ಹಣ ನನ್ನದಲ್ಲ. ಊಟ ಮುಗಿದು ಗಂಡಸರೆಲ್ಲ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದಾಗ ನಾನು ಭಾವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದೆ. ಮೆಲ್ಲಗೇ ಕೇಳಿದ್ದು, ಇದು ನನಗೆ ಚೆನ್ನಾಗಿ ನೆನಪಿದೆ.

ಅವನು ಮೆಲ್ಲಗೆ ಉತ್ತರಿಸಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಚಪ್ಪರದ ಆ ತುದಿಯವರಿಗೂ ಕೇಳುವಂತೆ ಹೇಳಿದ.

“ಇಲ್ಲ ಭಾವ. ಇಲ್ಲಿಂದ ಶೃಂಗೇರಿ ತನಕ ನಿಮ್ಮ ಬಾಕಿ ಇಲ್ಲದ ಅಂಗಡಿ ಯಾವುದುಂಟು ಹೇಳಿ. ಆ ಸಾಲಿಗೆ ನನ್ನ ಅಂಗಡಿಯನ್ನೂ ಸೇರಿಸ್ಬೇಡಿ.”

ನಕ್ಕರು. ಎಲ್ಲರೂ ಅಲ್ಲ, ಆದರೆ ಸಾಕಷ್ಟು ಜನ. ಅವರಲ್ಲಿ ಅರ್ಧ ಜನ ನನ್ನ ಬಸ್ಸಿನಲ್ಲೇ ಓಡಾಡುವವರು. ಮರುದಿನ ಬೆಳಿಗ್ಗೆ ಅವರಿಗೇ ಟಿಕೆಟ್ ಹರಿದು ಕೊಡಬೇಕಾಗಿತ್ತು. ನನ್ನ ಕಿವಿ ಕಾದ ಕಾವಲಿಯಷ್ಟು ಬಿಸಿಯಾಗಿತ್ತು. ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿಯಲೂ ಆಗದೆ ನುಂಗಲೂ ಆಗದೆ ಹೆಂಡತಿ ಮಗಳನ್ನು ಹೊರಡಿಸಿಕೊಂಡು ಬಂದೆ.

ಸೀಟು ಹೋಯಿತು. ಮಗಳು ಒಂದು ವರ್ಷ ಕೊಪ್ಪದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ನಿಂತಳು. ದಿನಾ ಬೆಳಿಗ್ಗೆ ನನ್ನ ಬಸ್ಸು ಆ ಅಂಗಡಿಯ ಮುಂದೆ ಹೋಗುವಾಗ ಅವಳು ಬಾಗಿಲು ಗುಡಿಸುತ್ತಿರುವುದು ಕಾಣುತ್ತಿತ್ತು. ಆಗೆಲ್ಲ ನಾನು ಭಾವನ ವಿಭೂತಿ ಹಚ್ಚಿದ ಹಣೆಯನ್ನು ನೆನೆದು ಹಲ್ಲು ಕಚ್ಚುತ್ತಿದ್ದೆ. ಒಂದು ದಿನ ಈ ಮನುಷ್ಯ ನನ್ನ ಹತ್ತಿರ ಕೇಳಿಕೊಂಡು ಬರುತ್ತಾನೆ, ಆವತ್ತು ನಾನು ನಾಲ್ಕು ಜನರ ಮುಂದೆ ಜೋರಾಗಿ ‘ಇಲ್ಲ’ ಎನ್ನುತ್ತೇನೆ ಎಂದು ನಿಶ್ಚಯ ಮಾಡಿದೆ. ಆದರೆ ಇಲ್ಲದವನು ‘ಇಲ್ಲ’ ಎಂದರೆ ಅದರಲ್ಲಿ ಎಂತ ಗತ್ತು? ಇಟ್ಟುಕೊಂಡು ಇಲ್ಲ ಎನ್ನಬೇಕು. ಹಾಗಾಗಿ ಮೊದಲು ಇಟ್ಟುಕೊಳ್ಳುವುದನ್ನು ಕಲಿಯಬೇಕಾಯಿತು.

ಆ ಬೇಸಿಗೆಯಲ್ಲೇ ಬಸ್ಸನ್ನು ಎಫ್‌ಸಿ ಮಾಡಿಸಲು, ಅಂದರೆ ಆರ್‌ಟಿಒ ತಪಾಸಣೆಗೆ, ನಾಲ್ಕು ದಿನ ನಿಲ್ಲಿಸಿದರು. ಮೊದಲನೇ ದಿನ ನಾನು ಬೇರೆ ಬಸ್ಸಿನಲ್ಲಿ ಪ್ರಯಾಣಿಕನ ಹಾಗೆ ಹತ್ತಿ, ಪ್ರತಿ ಸ್ಟಾಪಿನಲ್ಲಿ ಇಳಿದು, ಪ್ರತಿ ಅಂಗಡಿಯಲ್ಲಿ ನನ್ನ ಬಾಕಿ ಎಷ್ಟೆಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡೆ. ಕೊಡಲಿಕ್ಕಲ್ಲ, ಬರೀ ತಿಳಿದುಕೊಳ್ಳಲಿಕ್ಕೆ. ಜನ ನಾನು ಊರು ಬಿಟ್ಟು ಹೋಗುತ್ತೇನೆಂದು ಗಾಬರಿಯಾದರು. ಒಬ್ಬನಂತೂ ಯಾವ ಕಾಯಿಲೆ ಎಂದು ಕೇಳಿದ. ಸಂಜೆ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಕೂಡಿಸಿದೆ. ಇಪ್ಪತ್ತಾರು ಸಾವಿರದ ನಾನೂರು. ಜನ ನನಗೆ ಕೊಡಬೇಕಾದದ್ದನ್ನು ನೆನಪು ಮಾಡಿಕೊಂಡು ಇನ್ನೊಂದು ಪುಟದಲ್ಲಿ ಬರೆದೆ. ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು. ಒಂದು ಕೊಡುವುದು, ಒಂದು ಬರುವುದು, ಆದರೂ ಎರಡನ್ನೂ ಕೂಡಿಸಿ ನೋಡಿದರೆ ಮಗಳ ಮೊದಲ ಕಂತಿನಷ್ಟೇ ಹಣ ಈ ರಸ್ತೆಯ ಮೇಲೇ ಚೆಲ್ಲಿಹೋಗಿತ್ತು. ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದ ಯಾತ್ರಿಕರ ಮೇಲೂ ನನಗೆ ಸಿಟ್ಟು ಬಂತು.

ತೀರಿಸಲು ಏಳು ತಿಂಗಳು ಬೇಕಾಯಿತು. ಕೊನೆಯ ಬಾಕಿ ಕೊಪ್ಪದ ದಿನಸಿ ಅಂಗಡಿಯ ಸಾಹೇಬರದು. ನಾನು ಇಡೀ ಹಣ ಎಣಿಸಿ ಮುಂದಿಟ್ಟಾಗ ಅವರು ಪುಸ್ತಕದಲ್ಲಿ ನನ್ನ ಪುಟಕ್ಕೆ ಗೆರೆ ಎಳೆದು, ಕನ್ನಡಕ ತೆಗೆದು, ಒಂದು ಗಿರಾಕಿಯನ್ನು ಕಳೆದುಕೊಂಡೆ ಎಂದು ನಕ್ಕರು. ನನಗೆ ಅರ್ಥವಾಗಲಿಲ್ಲ. ಬಾಕಿ ಇಟ್ಟವನು ಬೇರೆ ಅಂಗಡಿಗೆ ಹೋಗುವುದಿಲ್ಲ, ದರವನ್ನೂ ಕೇಳುವುದಿಲ್ಲ, ಕಡ ಕೊಡುವುದು ದಯೆಯಿಂದಲ್ಲ ಮಾರಾಯ್ರೆ ಎಂದು ಅವರೇ ಬಿಡಿಸಿ ಹೇಳಿದರು. ಇಷ್ಟು ವರ್ಷ ನಾನು ಅದನ್ನು ನನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಆದರೂ ಅವರ ಮೇಲೆ ಸಿಟ್ಟು ಬರಲಿಲ್ಲ. ಮೋಸ ಮಾಡಿದವನೇ ಅದನ್ನು ಬಿಡಿಸಿ ತೋರಿಸಿದರೆ ಅವನು ಮೇಷ್ಟ್ರು ಆಗಿಬಿಡುತ್ತಾನೆ. ಅವರನ್ನೇ ಮುಂದೆ ಎಂತ ಮಾಡಬೇಕೆಂದು ಕೇಳಿದೆ.

ದಿನಾ ಹಣ ಬರುವವನು ತಿಂಗಳ ಲೆಕ್ಕ ಹಾಕಲು ಹೋದರೆ ಸೋಲುತ್ತಾನೆ, ವಾರದ ಲೆಕ್ಕ ಹಾಕಿ ಎಂದರು ಸಾಹೇಬರು. ಅವರ ಅಂಗಡಿಯಲ್ಲಿ ಶುಕ್ರವಾರದ ವ್ಯಾಪಾರ ಬಾಡಿಗೆಗೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅದೇ ಥರ ನಾನೂ ಪ್ರತಿ ದಿನದ ದುಡಿಮೆಗೆ ಒಂದು ಕೆಲಸ ಹಚ್ಚಿದೆ. ಸೋಮವಾರ ನನಗೆ ರಜೆ. ಮಂಗಳವಾರದ್ದು ದಿನಸಿಗೆ. ಬುಧವಾರದ್ದು ಮಗಳ ಓದಿಗೆ. ಗುರುವಾರದ್ದು ಬಾಡಿಗೆ, ಕರೆಂಟು, ಗ್ಯಾಸು. ಶುಕ್ರವಾರದ್ದು ಔಷಧಿ, ಬಟ್ಟೆಬರೆ, ನೆಂಟರ ಮನೆಯ ಮದುವೆ. ಶನಿವಾರ ಶೃಂಗೇರಿಗೆ ಯಾತ್ರಿಕರು ಹೆಚ್ಚು, ದುಡಿಮೆಯೂ ಹೆಚ್ಚು. ಅದು ಮಳೆಗಾಲಕ್ಕೆ. ಭಾನುವಾರದ್ದು ನಮಗೆ, ಕೋಳಿಯೋ ಮೀನೋ ತಿನ್ನದ ಮನೆಯವರಾದ್ದರಿಂದ ಒಂದಿಷ್ಟು ಸಿಹಿ, ಮಿಕ್ಕದ್ದು ಮರುದಿನದ ಖರ್ಚಿಗೆ.

ಮಳೆಗಾಲಕ್ಕೆ ಎಂದು ಬೇರೆ ಇಡುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಜೂನಿನಲ್ಲಿ ಶಾಲೆ ಕಾಲೇಜಿನ ಖರ್ಚೆಲ್ಲ ಒಟ್ಟಿಗೆ ಬರುತ್ತದೆ, ಅದೇ ಜೂನಿನಿಂದ ರಸ್ತೆಗೆ ಮರ ಬಿದ್ದು, ಜನ ಮನೆಯಿಂದ ಹೊರಡದೆ, ನಮ್ಮ ಸುತ್ತು ಎರಡರಿಂದ ಒಂದಕ್ಕೆ ಇಳಿಯುತ್ತದೆ. ಖರ್ಚು ಏರುವ ಹೊತ್ತಿಗೇ ಸಂಪಾದನೆ ಬೀಳುತ್ತದೆ. ಇದು ಪ್ರತಿ ವರ್ಷ ಆಗುತ್ತಿತ್ತು, ಪ್ರತಿ ವರ್ಷ ನಾನು ಹೊಸದಾಗಿ ಆಶ್ಚರ್ಯಪಡುತ್ತಿದ್ದೆ. ಶನಿವಾರದ ಹಣ ಬೇರೆ ಖಾತೆಗೆ ಹಾಕಲು ಶುರುಮಾಡಿದ ಮೊದಲ ವರ್ಷ ಆಗಸ್ಟಿನಲ್ಲಿ ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಕೇಳದೆ ಅಕ್ಕಿ ಬಂತು. ನಾನು ಮನಸ್ಸಿನಲ್ಲೇ ಭಾವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಬ್ಯಾಂಕಿನಲ್ಲಿ ಇನ್ನೊಂದು ಪಾಠವಾಯಿತು. ಮಗಳಿಗೆ ಓದಿನ ಸಾಲ ಕೇಳಲು ಹೋದಾಗ ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ ನನ್ನ ಸಾಲದ ಸ್ಕೋರು ಸರಿಯಿಲ್ಲವೆಂದಳು. ಹಿಂದೊಮ್ಮೆ ಕಂತಿನಲ್ಲಿ ತಂದ ಟಿವಿಯ ಕೊನೆಯ ಎರಡು ಕಂತನ್ನು ನಾನು ಕಟ್ಟಿರಲಿಲ್ಲ. ಟಿವಿ ಕೆಟ್ಟಿತ್ತು, ಕೆಟ್ಟ ಟಿವಿಗೆ ಎಂತಕ್ಕೆ ಕಟ್ಟುವುದು ಎಂದು ಬಿಟ್ಟಿದ್ದೆ. ನಾನು ಟಿವಿಯನ್ನು ಮರೆತಿದ್ದರೂ ಕಂಪ್ಯೂಟರ್ ಮರೆತಿರಲಿಲ್ಲ. ಅದನ್ನು ಕಟ್ಟಿ, ಕಟ್ಟಿದ ಪತ್ರ ತಂದು ಕೊಟ್ಟೆ. ಆ ಹುಡುಗಿಯೇ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಎಂದು ಹೇಳುವವರು ತೀರಿಸಿದ ಅಸಲಿಗೂ ಕೊನೆಯ ತನಕ ಬಡ್ಡಿ ಹಿಡಿಯುತ್ತಾರೆಂದು ಕಾಗದದ ಮೇಲೆ ಬರೆದು ತೋರಿಸಿದಳು. ಸಹಿ ಹಾಕುವ ಮೊದಲು ಒಟ್ಟು ಎಷ್ಟು ಕಟ್ಟಬೇಕು ಎನ್ನುವ ಒಂದೇ ಪ್ರಶ್ನೆ ಕೇಳಿ ಎಂದಳು. ಆ ಪ್ರಶ್ನೆಯನ್ನು ನಾನು ಈಗಲೂ ಎಲ್ಲರ ಹತ್ತಿರವೂ ಕೇಳುತ್ತೇನೆ. ಮೊಬೈಲ್ ಅಂಗಡಿಯವನಿಗೆ ನನ್ನನ್ನು ಕಂಡರೆ ಆಗುವುದಿಲ್ಲ.

ಒಂದು ವರ್ಷ ತಡವಾಗಿ ಮಗಳು ನರ್ಸಿಂಗ್ ಸೇರಿದಳು. ಬುಧವಾರದ ಹಣ ಮತ್ತು ಓದಿನ ಸಾಲ ಸೇರಿ ಸಾಕಾಯಿತು. ಬೇರೆ ಯಾರಾದರೂ ಇಲ್ಲಿಗೆ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನನಗೆ ಆಗಲಿಲ್ಲ. ಸ್ಟ್ಯಾಂಡಿನಲ್ಲಿ ಡ್ರೈವರ್ ಬಿಸಿ ಬೋಂಡ ತಿನ್ನುವಾಗ ನಾನು ತಿನ್ನದೆ ಉಳಿಸಿದ ಪ್ರತಿ ಇಪ್ಪತ್ತು ರೂಪಾಯಿಯೂ ಭಾವನಿಗೆ ಹೊಡೆಯಲೆಂದೇ ಕೂಡಿಟ್ಟ ಕಲ್ಲು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ನಮ್ಮ ಕಲೆಕ್ಷನ್ ಇಳಿಯಿತು. ಜನ ಫೋನಿನಲ್ಲಿ ದುಡ್ಡು ಹಾಕಲು ಶುರುಮಾಡಿದ ಮೇಲೆ ಚೀಲವೂ ಹಗುರವಾಯಿತು. ಆಗಲೂ ಹೆದರಲಿಲ್ಲ, ಪ್ರತಿ ದಿನದ ಪಾಲನ್ನು ಸ್ವಲ್ಪ ಸ್ವಲ್ಪ ಕತ್ತರಿಸಿದೆ. ಸೊಸೈಟಿಯಲ್ಲಿ ಷೇರು ತೆಗೆದುಕೊಂಡು ಸದಸ್ಯನಾದೆ. ಅಪಘಾತದ ವಿಮೆ ಮಾಡಿಸಿದೆ, ಎಲ್ಲ ಖಾತೆಗೂ ಹೆಂಡತಿಯ ಹೆಸರು ಸೇರಿಸಿದೆ. ಭಾವನ ಮನೆಯ ಯಾವ ಕಾರ್ಯಕ್ಕೂ ಹೋಗಲಿಲ್ಲ. ಹೆಂಡತಿ ಒಬ್ಬಳೇ ಹೋಗಿ ಬರುತ್ತಿದ್ದಳು. ಅಲ್ಲಿ ಎಂತ ಮಾತಾಯಿತೆಂದು ನಾನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

ಹೋದ ವರ್ಷ ಮಳೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನು ಬಂದ.

ನರಸಿಂಹರಾಜಪುರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲಿ, ನಾನು ನಿಲ್ಲುವ ಜಾಗದ ಹತ್ತಿರವೇ ಕುಳಿತ. ಕೂದಲು ಬೆಳ್ಳಗಾಗಿತ್ತು. ಸಾಮಾನ್ಯವಾಗಿ ಕಂಡಕ್ಟರನ ನೆಂಟರಿಗೆ ಟಿಕೆಟ್ ಕೊಡುವ ರೂಢಿ ಇಲ್ಲ, ಮಾಲೀಕನೂ ಅದನ್ನು ಕಂಡೂ ಕಾಣದ ಹಾಗೆ ಇರುತ್ತಾನೆ. ನಾನು ಕೊಪ್ಪಕ್ಕೆ ಒಂದು ಟಿಕೆಟ್ ಹರಿದು ಅವನ ಮುಂದೆ ಹಿಡಿದೆ. ಅವನು ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟ. ಆ ಚಿಲ್ಲರೆ ಚೀಲಕ್ಕೆ ಬಿದ್ದ ಸದ್ದು ನನಗೆ ಇಂಪಾಗಿತ್ತು.

ಅವನು ವಿಷಯ ಹೇಳಿದ. ಅಂಗಡಿಯ ಕಟ್ಟಡದ ಯಜಮಾನರು ತೀರಿಕೊಂಡಿದ್ದರು, ಅವರ ಮಕ್ಕಳು ಅದನ್ನು ಮಾರುತ್ತಾರೆ. ಮೊದಲು ಇವನಿಗೇ ಎಂದಿದ್ದಾರೆ, ಇವನು ಕೊಳ್ಳದಿದ್ದರೆ ಖಾಲಿ ಮಾಡಬೇಕು. ಸೊಸೈಟಿಯವರು ಸಾಲಕ್ಕೆ ಒಪ್ಪಿದ್ದಾರೆ, ಇಬ್ಬರು ಜಾಮೀನು ಬೇಕು. ಒಬ್ಬರು ಸಿಕ್ಕಿದ್ದಾರೆ. ಇನ್ನೊಬ್ಬರು ಸದಸ್ಯರಾಗಿರಬೇಕು, ಎಲ್ಲೂ ಬಾಕಿ ಇರಬಾರದು. ನೆಂಟರಲ್ಲಿ ಅಂಥವರು ನೀವೊಬ್ಬರೇ ಇರುವುದು ಎಂದ. ಬಾಕಿ ಇಲ್ಲದವರು ನೀವೊಬ್ಬರೇ. ಅವನ ಬಾಯಿಂದಲೇ ಈ ಮಾತು ಬರಬೇಕೆಂದು ದೇವರಿಗೆ ಹರಕೆ ಹೊತ್ತಿದ್ದರೂ ಇಷ್ಟು ಚೆನ್ನಾಗಿ ಫಲಿಸುತ್ತಿರಲಿಲ್ಲ.

ಬಸ್ಸು ತುಂಬಿತ್ತು. ಗೃಹಪ್ರವೇಶದ ದಿನ ಚಪ್ಪರದಲ್ಲಿ ನಕ್ಕವರಲ್ಲಿ ಇಬ್ಬರು ನಾಲ್ಕನೇ ಸಾಲಿನಲ್ಲಿದ್ದರು. ನಾನು ಸ್ಟಾಪಿನ ಹೆಸರು ಕೂಗುವ ಗಂಟಲಿನಲ್ಲೇ ಹೇಳಿದೆ.

“ಇಲ್ಲ ಭಾವ. ಬೇರೆಯವರ ಸಾಲಕ್ಕೆ ಜಾಮೀನು ಹಾಕ್ಬಾರ್ದು ಅಂತ ನಾನು ಕಲ್ತಿದ್ದೇನೆ. ನೀವು ಕಟ್ಟದೆ ಇದ್ರೆ ಅದು ನನ್ನ ಸಾಲ. ನನ್ನ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾವ ಬ್ಯಾಂಕಿನವರನ್ನು ಕೇಳಿದರೂ ನಾನು ಮಾಡಿದ್ದು ಸರಿ ಎನ್ನುತ್ತಿದ್ದರು. ಅದೇ ದೊಡ್ಡ ಅನುಕೂಲ. ಹಗೆ ತೀರಿಸಿಕೊಂಡದ್ದು ಯಾರಿಗೂ ಕಾಣುವುದಿಲ್ಲ, ಬುದ್ಧಿವಂತಿಕೆ ಮಾತ್ರ ಕಾಣುತ್ತದೆ. ಭಾವ ಏನೋ ಹೇಳಲು ಬಾಯಿ ತೆರೆದ ಹಾಗೆ ಕಂಡಿತು, ಮತ್ತೆ ಮುಚ್ಚಿದ. ‘ಸರಿ ಭಾವ’ ಎಂದು, ಕೊಪ್ಪದ ತನಕ ಟಿಕೆಟ್ ಇದ್ದರೂ ಮುಂದಿನ ಸ್ಟಾಪಿನಲ್ಲೇ ಇಳಿದು, ವಾಪಸ್ ಹೋಗುವ ಬಸ್ಸಿಗೆ ಕಾಯಲು ರಸ್ತೆಯ ಆಚೆ ಬದಿಗೆ ದಾಟಿದ. ನಾನು ಎರಡು ಸಲ ಸೀಟಿ ಊದಿದೆ. ಆವತ್ತು ಸ್ಟ್ಯಾಂಡಿನಲ್ಲಿ ಡ್ರೈವರನಿಗೂ ನನಗೂ ಎರಡೆರಡು ಬೋಂಡ ತರಿಸಿದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತು ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ಕೈಕಾಲು ತೊಳೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿದೆ. ಟಿಕೆಟ್ ಕೊಟ್ಟದ್ದು, ಅವನ ಮುಖ ಸಣ್ಣಗಾದದ್ದು, ನಾಲ್ಕನೇ ಸಾಲಿನವರು ತಿರುಗಿ ನೋಡಿದ್ದು. ಅವಳು ಕೊಕ್ಕೆ ಹಾಕುವುದನ್ನು ನಿಲ್ಲಿಸಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಅವತ್ತು ನಿಮಗೆ ದುಡ್ಡು ಕೊಡ್ಬೇಡ ಅಂತ ಅಣ್ಣನಿಗೆ ಹೇಳಿದ್ದು ನಾನು,” ಎಂದಳು.

ನನಗೆ ಮೊದಲು ಯಾವತ್ತಿನ ಮಾತೆಂದೇ ಹೊಳೆಯಲಿಲ್ಲ. ಅವಳು ನಿಧಾನಕ್ಕೆ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳುತ್ತಾ ಹೋದಳು. ಮಗಳಿಗೆ ಸೀಟು ಸಿಕ್ಕಿದ್ದು ಭಾವನಿಗೆ ನಾನು ಕೇಳುವ ಮೊದಲೇ ಗೊತ್ತಿತ್ತು. ಗೃಹಪ್ರವೇಶದ ಬೆಳಿಗ್ಗೆ ಅವನು ನಲವತ್ತೈದು ಸಾವಿರವನ್ನು ಕವರಿನಲ್ಲಿ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಇವಳು ಅವನನ್ನು ಹಿತ್ತಲ ಬಾಗಿಲಿಗೆ ಕರೆದು ಬೇಡವೆಂದಿದ್ದಳು. ನಾನು ಹಿಂದೆ ತೆಗೆದುಕೊಂಡಿದ್ದ ಎರಡು ಕೈಸಾಲವನ್ನೂ ತೀರಿಸಿದ್ದು ಅವಳು, ರವಿಕೆ ಹೊಲಿದು, ಮೂರು ವರ್ಷ. ಯಾರು ತೀರಿಸಿದರು ಎಂದು ನಾನು ಕೇಳಲೂ ಇಲ್ಲವಂತೆ. ಇದನ್ನೂ ಕೊಟ್ಟರೆ ಇದೂ ಹಾಗೇ ಹೋಗುತ್ತದೆ, ಮುಂದಿನ ವರ್ಷದ ಕಂತಿಗೆ ಮತ್ತೆ ಬಂದು ನಿಲ್ಲುತ್ತಾರೆ ಎಂದು ಅಣ್ಣನಿಗೆ ಹೇಳಿದಳಂತೆ. ನಿನ್ನ ಗಂಡ ನನ್ನನ್ನು ಜನ್ಮಪೂರ್ತಿ ದ್ವೇಷ ಮಾಡುತ್ತಾರೆ ಕಣೇ ಎಂದು ಅವನು ಹಿಂಜರಿದನಂತೆ. ಮಾಡಿದರೆ ಮಾಡಲಿ ಎಂದು ಇವಳೇ ಒಪ್ಪಿಸಿದಳಂತೆ.

ಬಸ್ಸಿನಲ್ಲಿ ಅವನು ಬಾಯಿ ತೆರೆದು ಮುಚ್ಚಿದ್ದು ನನ್ನ ಕಣ್ಣಿಗೆ ಕಟ್ಟಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ತಂಗಿಗೆ ಕೊಟ್ಟ ಮಾತೆಂದು ಅಂಗಡಿ ಹೋಗುವ ಹೊತ್ತಿನಲ್ಲೂ ಅವನು ಅದನ್ನು ಹೇಳಲಿಲ್ಲ.

ನಾನು ಅವಳ ಮೇಲೆ ಹಾರಿಬಿದ್ದೆ. ಮಗಳು ಒಂದು ವರ್ಷ ಬಟ್ಟೆ ಅಂಗಡಿಯಲ್ಲಿ ಗುಡಿಸಿದ್ದು ನಿನ್ನಿಂದ ಎಂದೆ. ತಾಯಿಯಾದವಳು ಮಾಡುವ ಕೆಲಸವಾ ಇದು ಎಂದೆ. ಅವಳು ಅದಕ್ಕೂ ಸಿಟ್ಟಾಗಲಿಲ್ಲ.

“ಮಗಳನ್ನ ಕೇಳಿಯೇ ಹೇಳಿದ್ದು,” ಎಂದಳು. “ಒಂದು ವರ್ಷ ಹೋದ್ರೆ ಹೋಗ್ಲಿ ಅಮ್ಮ, ಅಪ್ಪ ಒಂದ್ಸಲ ಕಲೀಲಿ ಅಂತ ಅವಳೇ ಅಂದಿದ್ದು.”

ನನ್ನನ್ನು ಬಿಟ್ಟು ಮನೆಯ ಎಲ್ಲರಿಗೂ ಗೊತ್ತಿತ್ತು. ಆರು ವರ್ಷ ನಾನು ಭಾವನ ಮೇಲೆ ಹಲ್ಲು ಕಚ್ಚುತ್ತಿದ್ದಾಗ ಈ ಇಬ್ಬರೂ ನನಗೆ ಅನ್ನ ಬಡಿಸುತ್ತಾ, ನಾನು ಕಲಿಯುವುದನ್ನು ಕಾಯುತ್ತಾ ಕುಳಿತಿದ್ದರು. ಕಲಿತ ಮೇಲೂ ಹೇಳಬಹುದಿತ್ತಲ್ಲ ಎಂದೆ. ನೀವು ಉಳಿಸುತ್ತಿದ್ದುದೇ ಆ ಸಿಟ್ಟಿನಿಂದ, ಅದನ್ನು ತೆಗೆಯಲು ಹೆದರಿಕೆಯಾಯಿತು ಎಂದಳು. ನಾನು ಬಹಳ ಹೊತ್ತು ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ತಡಕಾಡಿದೆ. ಚಪ್ಪರದ ತುದಿಯವರೆಗೂ ಕೇಳುವ ಹಾಗೆ ಹೇಳಬೇಕಿತ್ತಾ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಜೋರಾಗಿ ಹೇಳು ಅಂತ ನಾನು ಹೇಳಿ ಕೊಟ್ಟಿರಲಿಲ್ಲ, ಅದು ಅವನದೇ ಎಂದಳು. ಅಷ್ಟಾದರೂ ಸಿಕ್ಕಿತಲ್ಲ ಎಂದು ನನಗೆ ಉಸಿರು ಬಂತು. ಅವನ ಮೇಲಿನ ಸಿಟ್ಟಿನಲ್ಲಿ ಅಷ್ಟು ಭಾಗ ನ್ಯಾಯವಾಗಿ ನನ್ನದು.

ಮರುದಿನ ನರಸಿಂಹರಾಜಪುರದಲ್ಲಿ ಬಸ್ಸಿಗೆ ಇಪ್ಪತ್ತು ನಿಮಿಷ ಹೊತ್ತಿತ್ತು. ಡ್ರೈವರನಿಗೆ ಹೇಳಿ ಪೇಟೆಯ ಕಡೆ ನಡೆದೆ. ದಾರಿಯಲ್ಲಿ ಲೆಕ್ಕವನ್ನೂ ಹಾಕಿದೆ. ಭಾವ ಕಟ್ಟದೆ ಹೋದರೆ ಎಷ್ಟು, ಮಳೆಗಾಲದ ಖಾತೆಯಲ್ಲಿ ಎಷ್ಟಿದೆ, ಎಷ್ಟು ತಿಂಗಳು ತಡೆದೇನು ಎಂದು. ಲೆಕ್ಕ ಬೇಡವೆಂದೇ ಹೇಳಿತು. ಆದರೂ ಹೋದೆ. ಭಾವ ಗಲ್ಲಾ ಮುಂದೆ ಕುಳಿತಿರಲಿಲ್ಲ. ನೆಲದ ಮೇಲೆ ಗೋಣಿ ಹಾಸಿಕೊಂಡು ಮೊಳೆಗಳನ್ನು ಅಳತೆಯ ಪ್ರಕಾರ ಬೇರೆಬೇರೆ ಡಬ್ಬಕ್ಕೆ ತುಂಬುತ್ತಿದ್ದ. ಅರ್ಧ ಗೋಡೆ ಖಾಲಿಯಾಗಿತ್ತು. ಸಹಿ ಹಾಕುತ್ತೇನೆ, ಫಾರಂ ಕೊಡಿ ಎಂದೆ. ಕುಳಿತುಕೊಳ್ಳಲು ಸ್ಟೂಲು ಸರಿಸಿ ಕೊಟ್ಟ.

“ಬೇಡ ಭಾವ. ನೀವು ಹೇಳಿದ್ದು ಸರಿಯಾಗೇ ಇತ್ತು. ರಾತ್ರಿ ಕೂತು ಲೆಕ್ಕ ಹಾಕಿದೆ, ಈ ವಯಸ್ಸಲ್ಲಿ ಅಷ್ಟು ಸಾಲ ತೀರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಕಟ್ಟದೆ ಇದ್ರೆ ನಿಮ್ಮ ತಲೆ ಮೇಲೆ ಬರ್ತಿತ್ತು. ಬೆಳಿಗ್ಗೆಯೇ ಯಜಮಾನರ ಮಕ್ಕಳ ಹತ್ರ ಹೋಗಿ ಖಾಲಿ ಮಾಡ್ತೇನೆ ಅಂತ ಹೇಳಿ ಬಂದೆ.”

ಅವಳು ಎಲ್ಲ ಹೇಳಿದಳು ಎಂದೆ. ಅವನು ತಲೆಯಾಡಿಸಿದ, ಮೊಳೆ ತುಂಬುವುದನ್ನು ನಿಲ್ಲಿಸಲಿಲ್ಲ. ಇನ್ನೂ ಸಮಯವಿದೆ, ಮಾತು ಬದಲಿಸಿ, ಇನ್ನೊಮ್ಮೆ ಹೋಗಿ ಕೇಳೋಣ, ನಾನೂ ಬರುತ್ತೇನೆ ಎಂದು ಒತ್ತಾಯ ಮಾಡಿದೆ. ಸ್ಟ್ಯಾಂಡಿನ ಕಡೆಯಿಂದ ನಮ್ಮ ಡ್ರೈವರ್ ಹಾರ್ನ್ ಹೊಡೆಯುವುದು ಕೇಳಿಸಿತು.

“ಇಲ್ಲ ಭಾವ,” ಎಂದ ಅವನು.

ಈ ಸಲ ಮೆಲ್ಲಗೆ ಹೇಳಿದ. ಅಂಗಡಿಯಲ್ಲಿ ನಾವಿಬ್ಬರೇ ಇದ್ದದ್ದು, ಹೊರಗಿನ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಜೋರಾಗಿ ಹೇಳಿದ್ದರೆ ಇನ್ನೊಂದು ಆರು ವರ್ಷ ಅವನನ್ನು ನೆಮ್ಮದಿಯಾಗಿ ದ್ವೇಷ ಮಾಡಿಕೊಂಡು ಇರುತ್ತಿದ್ದೆ.